‘ಫಜಿ ಅಂಕ 0.79’ ಅಂದರೆ ಬೋರಿಗೆ ನೀರು ಬೀಳುತ್ತದೆಯೇ?

ಪ್ರಶ್ನೆ: ನಮ್ಮದು ಯಲಬುರ್ಗಾ ತಾಲ್ಲೂಕು. ಹೊಲದಲ್ಲಿ ಈಗಾಗಲೇ ಎರಡು ಬೋರು ಹಾಕಿಸಿದ್ದೇವೆ. ಒಂದು 420 ಅಡಿ, ಇನ್ನೊಂದು 560 ಅಡಿ. ಎರಡೂ ಫೇಲು. ಈ ಸಲ ತೆಂಗಿನಕಾಯಿ ಹಿಡಿದು ನೋಡುವವರನ್ನು ಬಿಟ್ಟು ಮಷಿನ್ ಸರ್ವೆ ಮಾಡಿಸಿದೆವು. ಐದು ಮೀಟರಿಗೆ ಒಂದರಂತೆ 48 ಸಲಾಕೆ ಹೊಡೆದು, ವೈರು ಎಳೆದು, ಕೆಂಪು-ಹಳದಿ-ನೀಲಿ ಬಣ್ಣದ ಚಿತ್ರ ಕೊಟ್ಟಿದ್ದಾರೆ. ವರದಿಯ ಕೊನೆಗೆ ಹೀಗಿದೆ: ‘ರೋಧಕತೆ 0.8, ಶಿಥಿಲ ಪದರದ ದಪ್ಪ 0.6, ಬಿರುಕು ರೇಖೆಗೆ ಸಾಮೀಪ್ಯ 0.7, ಗಾಮಾ 0.8, ಫಜಿ ಲಾಜಿಕ್ ಅಂಕ 0.79’. ಅಂದರೆ ನೀರು ಬೀಳುವ ಸಾಧ್ಯತೆ ನೂರಕ್ಕೆ 79 ಎಂದೇ? ಇದನ್ನು ನಂಬಿ ಸಾಲ ಮಾಡಬಹುದೇ? ಮಗ ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಿದ್ದಾನೆ. ಅವನಿಗೂ ನಾಲ್ಕು ಮಾತು ತಿಳಿಸಿ.

ಉತ್ತರ: ಮೊದಲಿಗೆ ನೇರ ಉತ್ತರ. ಅಲ್ಲ, 0.79 ಅಂದರೆ ನೂರಕ್ಕೆ 79 ಅಲ್ಲ. ಆ ಅಂಕಿ ಸಾಧ್ಯತೆಯನ್ನು ಹೇಳುತ್ತಲೇ ಇಲ್ಲ. ‘ನೀರಿಗೆ ಅನುಕೂಲವಾದ ಜಾಗ’ ಎಂಬ ಗುಂಪನ್ನು ಸರ್ವೆ ಮಾಡಿದವರು ತಾವೇ ಕಲ್ಪಿಸಿಕೊಂಡಿದ್ದಾರೆ. ನಿಮ್ಮ ಹೊಲದ ಆ ಬಿಂದು ಆ ಗುಂಪಿಗೆ ಎಷ್ಟರ ಮಟ್ಟಿಗೆ ಸೇರುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಗುಂಪಿನ ಕಲ್ಪನೆ ಸರಿಯಿದ್ದರೆ ಅಂಕಿಗೆ ಬೆಲೆ, ಇಲ್ಲದಿದ್ದರೆ ಇಲ್ಲ. ಹಾಗೆಂದು ಇದು ಮೋಸದ ವಿದ್ಯೆಯೂ ಅಲ್ಲ. ವರದಿಯಲ್ಲಿ ಮೂರು ಉಪ-ಅಂಕಗಳನ್ನೂ ಗಾಮಾವನ್ನೂ ಬಿಡಿಸಿ ಬರೆದಿದ್ದಾರಲ್ಲ, ಅಷ್ಟು ಪ್ರಾಮಾಣಿಕತೆ ಎಲ್ಲ ವರದಿಗಳಲ್ಲಿ ಸಿಗುವುದಿಲ್ಲ. ಅವರು ಬಿಡಿಸಿ ಬರೆದದ್ದರಿಂದಲೇ ನಾವೀಗ ಆ ಲೆಕ್ಕವನ್ನು ಪರೀಕ್ಷಿಸಬಹುದು.

ಫಜಿ ಲಾಜಿಕ್‌ನ ಮೂಲ ವಿಚಾರ ಸರಳ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ಫಿ ಝಾದೆ 1965ರಲ್ಲಿ ಇದನ್ನು ಮುಂದಿಟ್ಟರು. ಅದುವರೆಗಿನ ಗಣಿತದಲ್ಲಿ ಒಂದು ವಸ್ತು ಒಂದು ಗುಂಪಿನ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಒಂದು ಅಥವಾ ಸೊನ್ನೆ. ಝಾದೆ ಇವೆರಡರ ನಡುವಿನ ಎಲ್ಲ ಬೆಲೆಗಳಿಗೂ ಜಾಗ ಕೊಟ್ಟರು. ನಿಮ್ಮ ಕಡೆಯೇ ನೋಡಿ, ಎರೆ ಹೊಲ ಮುಗಿದು ಮಸಾರಿ ಶುರುವಾಗುವ ಕಡೆ ಯಾರೂ ಗೆರೆ ಎಳೆದಿರುವುದಿಲ್ಲ. ನಡುವಿನ ಹತ್ತಿಪ್ಪತ್ತು ಮಾರು ನೆಲವನ್ನು ಒಬ್ಬ ಎರೆ ಅನ್ನುತ್ತಾನೆ, ಇನ್ನೊಬ್ಬ ಮಸಾರಿ ಅನ್ನುತ್ತಾನೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ನೆಲಕ್ಕೆ ‘ಎರೆ 0.6, ಮಸಾರಿ 0.4’ ಎಂದು ಬರೆದರೆ ಅದೇ ಫಜಿ ಸದಸ್ಯತ್ವ. ಇಲ್ಲಿ 0.6 ಅಂದರೆ ‘ಎರೆ ಇರಬಹುದು, ಇಲ್ಲದಿರಲೂಬಹುದು’ ಎಂಬ ಅನುಮಾನವಲ್ಲ. ಮಣ್ಣು ನಿಮ್ಮ ಕೈಯಲ್ಲೇ ಇದೆ, ಅನುಮಾನಕ್ಕೆ ಎಡೆಯೇ ಇಲ್ಲ. ಅದು ನಿಜಕ್ಕೂ ಅಷ್ಟರ ಮಟ್ಟಿಗೆ ಮಾತ್ರ ಎರೆ. ಸಾಧ್ಯತೆಗೂ ಸದಸ್ಯತ್ವಕ್ಕೂ ಇರುವ ವ್ಯತ್ಯಾಸ ಇದು. ಇದನ್ನು ಮರೆತ ವರದಿಗಳೇ ಹೆಚ್ಚು.

ಎಬ್ರಾಹಿಂ ಮಾಮ್ದಾನಿ ಲಂಡನ್ನಿನಲ್ಲಿ 1970ರ ದಶಕದಲ್ಲಿ ಒಂದು ಚಿಕ್ಕ ಉಗಿ ಎಂಜಿನ್ನನ್ನು ಈ ತರ್ಕದಿಂದ ನಿಯಂತ್ರಿಸಿ ತೋರಿಸಿದರು. 1987ರಲ್ಲಿ ಜಪಾನಿನ ಸೆಂಡಾಯ್ ನಗರದ ಸುರಂಗ ರೈಲು ಇದರಿಂದಲೇ ಓಡಿತು. ಭೂಭೌತ ಚಿತ್ರಗಳಿಗೆ ಇದು ಬಂದದ್ದು ಖನಿಜ ಶೋಧನೆಯ ಮೂಲಕ; 1990ರ ದಶಕದ ಆರಂಭದಲ್ಲಿ ಕೆನಡಾದ ಸಂಶೋಧಕರು ಕಾಂತೀಯ, ವಿದ್ಯುತ್ಕಾಂತೀಯ ಹಾಗೂ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಕೂಡಿಸಲು ಬಳಸಿದರು. ಚರಿತ್ರೆ ಇಷ್ಟು ಸಾಕು.

ಈಗ ನಿಮ್ಮ ಬಣ್ಣದ ಚಿತ್ರಕ್ಕೆ ಬರೋಣ. ಅದು ನೆಲದೊಳಗಿನ ಫೋಟೊ ಅಲ್ಲ. ಎರಡು ಸಲಾಕೆಗಳ ಮೂಲಕ ಕರೆಂಟು ಬಿಟ್ಟು, ಇನ್ನೆರಡರ ನಡುವೆ ವೋಲ್ಟೇಜು ಅಳೆದು, ಅಂಥ ನೂರಾರು ಅಳತೆಗಳಿಗೆ ಹೊಂದುವಂಥ ಒಂದು ನೆಲವನ್ನು ಕಂಪ್ಯೂಟರು ಊಹಿಸುತ್ತದೆ. ಒಂದೇ ಅಳತೆಗಳಿಗೆ ಹೊಂದುವ ನೆಲಗಳು ಹಲವು. ಅವುಗಳಲ್ಲಿ ಅತ್ಯಂತ ನಯವಾದದ್ದನ್ನು, ಬಣ್ಣಗಳು ಮೆಲ್ಲನೆ ಬದಲಾಗುವಂಥದ್ದನ್ನು ಆರಿಸು ಎಂದು ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ಹೇಳಿರುತ್ತೇವೆ. ಆದ್ದರಿಂದ ಕೆಳಗೆ ಬಂಡೆಯ ಅಂಚು ಚೂಪಾಗಿದ್ದರೂ ಚಿತ್ರದಲ್ಲಿ ಅದು ಮಸುಕಾಗಿಯೇ ಬರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಣ್ಣದ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. ರೋಧಕತೆ ಅಂದರೆ ನೆಲ ಕರೆಂಟಿಗೆ ಒಡ್ಡುವ ತಡೆ, ಅದರ ಅಳತೆ ಓಮ್-ಮೀಟರ್. ಹೆಚ್ಚು ಬಳಕೆಯಲ್ಲಿರುವ ಬಣ್ಣದ ಪಟ್ಟಿಯಲ್ಲಿ ಕಡಿಮೆ ರೋಧಕತೆಗೆ ನೀಲಿ, ಹೆಚ್ಚಿಗೆ ಕೆಂಪು. ನೀಲಿ ಕಂಡ ಕೂಡಲೇ ‘ನೀರು’ ಅನ್ನಿಸುವುದು ಸಹಜ, ಕೆಲವರು ಆ ಸಹಜತೆಯ ಮೇಲೆಯೇ ಹೊಟ್ಟೆ ಹೊರೆಯುತ್ತಾರೆ. ಆದರೆ ಎರೆ ಮಣ್ಣಿನ ಜೇಡಿ ತೇವವಿದ್ದಾಗ ಹತ್ತು ಓಮ್-ಮೀಟರಿಗಿಂತ ಕೆಳಗೇ ಇರುತ್ತದೆ, ಕಡುನೀಲಿ. ಅದರಲ್ಲಿ ತೇವ ಇದ್ದರೂ ಬೋರಿಗೆ ಹನಿ ಬಿಡುವುದಿಲ್ಲ. ಸಿಂಧನೂರು, ಸಿರುಗುಪ್ಪ, ಗಂಗಾವತಿಯ ಕಾಲುವೆ ಬಯಲಿಗೆ ಹೋದರೆ ಸವಳು-ಜವಳು ಹತ್ತಿದ ನೆಲವೂ ನೀಲಿಯೇ. ಅಲ್ಲಿ ನೀರಿದೆ, ಕುಡಿಯಲಿಕ್ಕೆ ಬಾರದು. ಇತ್ತ ಗಟ್ಟಿ ಕಣಶಿಲೆ (ಗ್ರಾನೈಟು) ಸಾವಿರಾರು ಓಮ್-ಮೀಟರ್, ಕಡುಕೆಂಪು. ನಮಗೆ ಬೇಕಾದ, ಕೊಳೆತು ಗರಸಾದ ಕಲ್ಲು ಮತ್ತು ನೀರು ತುಂಬಿದ ಬಿರುಕುಗಳು ಇವೆರಡರ ನಡುವೆ ಎಲ್ಲೋ ಬರುತ್ತವೆ. ಅಂದರೆ ತೀರಾ ಕಡಿಮೆಯೂ ಒಳ್ಳೆಯದಲ್ಲ, ತೀರಾ ಹೆಚ್ಚೂ ಒಳ್ಳೆಯದಲ್ಲ. ‘ಇಂತಿಷ್ಟಕ್ಕಿಂತ ಕೆಳಗಿದ್ದರೆ ನೀರು’ ಎಂಬ ಒಂದೇ ಗೆರೆಯಿಂದ ಇಲ್ಲಿ ಕೆಲಸ ನಡೆಯದು. ಫಜಿ ಲಾಜಿಕ್ ನಮ್ಮ ನೆಲಕ್ಕೆ ಒಪ್ಪುವುದು ಇದೇ ಕಾರಣಕ್ಕೆ.

ರೋಧಕತೆಗೆ ಸದಸ್ಯತ್ವದ ಗೆರೆ ಎಳೆಯುವ ಬಗೆ ಹೀಗೆ. ಉದಾಹರಣೆಗೆ 10 ಓಮ್-ಮೀಟರಿಗೆ ಸೊನ್ನೆ, ಅಲ್ಲಿಂದ ಏರುತ್ತಾ 40ಕ್ಕೆ ಒಂದು, 125ರ ತನಕ ಒಂದಾಗಿಯೇ ಇದ್ದು, ಮತ್ತೆ ಇಳಿಯುತ್ತಾ 500ಕ್ಕೆ ಸೊನ್ನೆ. ಈ ನಾಲ್ಕು ಅಂಕಿಗಳು ನನ್ನ ಉದಾಹರಣೆ ಮಾತ್ರ, ನಿಮ್ಮ ಊರಿನ ಬೋರುಗಳನ್ನು ನೋಡಿ ತಿದ್ದಬೇಕಾದವು. ಒಂದು ಸೂಕ್ಷ್ಮ ಮಾತ್ರ ಎಲ್ಲಿಗೂ ಅನ್ವಯ: ರೋಧಕತೆ ಐದರಿಂದ ಐದು ಸಾವಿರದವರೆಗೆ ಹರಡಿರುವುದರಿಂದ ಗೆರೆಯನ್ನು ಲಾಗರಿದಮ್ ಅಳತೆಯಲ್ಲಿ ಎಳೆಯಬೇಕು. ಲಾಗ್ ಅಳತೆಯಲ್ಲಿ 250 ಓಮ್-ಮೀಟರಿಗೆ 0.5 ಬರುತ್ತದೆ, ಸಾದಾ ಅಳತೆಯಲ್ಲಿ ಅದೇ 250ಕ್ಕೆ 0.67. ಕಲ್ಲು ಅದೇ, ಬೆಲೆ ಬೇರೆ. ನಿಮ್ಮ ವರದಿಯ 0.8 ಯಾವ ಅಳತೆಯಲ್ಲಿ ಬಂತು ಎಂದು ಕೇಳಲು ನಿಮಗೆ ಹಕ್ಕಿದೆ.

ಮೂರು ಅಂಕಗಳನ್ನು ಕೂಡಿಸುವ ಹಂತದಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು. ಕೂಡಿಸಲು ಹಲವು ಸೂತ್ರಗಳಿವೆ. ಕನಿಷ್ಠ ಸೂತ್ರ ಹಿಡಿದರೆ ಮೂರರಲ್ಲಿ ಚಿಕ್ಕದೇ ಉತ್ತರ: 0.6. ಗರಿಷ್ಠ ಹಿಡಿದರೆ 0.8. ಮೂರನ್ನೂ ಗುಣಿಸಿದರೆ 0.34. ‘ಬೀಜಗಣಿತ ಮೊತ್ತ’ ಎಂಬ ಇನ್ನೊಂದು ಸೂತ್ರದಲ್ಲಿ ಪ್ರತಿಯೊಂದರ ಕೊರತೆಯನ್ನು (0.2, 0.4, 0.3) ಗುಣಿಸಿ ಒಂದರಿಂದ ಕಳೆಯುತ್ತಾರೆ: 0.98. ಗಾಮಾ ಅಂದರೆ ಈ ಕೊನೆಯ ಎರಡರ ನಡುವೆ ತಿರುಗಿಸುವ ಒಂದು ಗುಂಡಿ. ಸೊನ್ನೆಗಿಟ್ಟರೆ ಗುಣಲಬ್ಧ, ಒಂದಕ್ಕಿಟ್ಟರೆ ಮೊತ್ತ. ಗಾಮಾ 0.5 ಇಟ್ಟರೆ ನಿಮ್ಮ ಬಿಂದುವಿಗೆ 0.57. 0.8 ಇಟ್ಟರೆ 0.79, ನಿಮ್ಮ ವರದಿಯಲ್ಲಿರುವುದು ಅದೇ, ಲೆಕ್ಕ ತಪ್ಪಿಲ್ಲ. 0.9 ಇಟ್ಟರೆ 0.88. ಒಂದೇ ಹೊಲ, ಒಂದೇ ಸರ್ವೆ, ಉತ್ತರ ಮಾತ್ರ 0.34ರಿಂದ 0.98ರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಗಾಮಾವನ್ನು 0.8 ಎಂದೇ ಏಕೆ ಇಟ್ಟರು? ಬಹುಮಟ್ಟಿಗೆ ರೂಢಿಯಿಂದ. ತಾಲ್ಲೂಕಿನ ಹಳೆಯ ಬೋರುಗಳಿಗೆ ಹೊಂದಿಸಿ ಆರಿಸಿದ್ದರೆ ಮಾತು ಬೇರೆ.

ಹಾಗಾಗಿ ಒಂದೇ ಬಿಂದುವಿನ ಅಂಕವನ್ನು ಒಂಟಿಯಾಗಿ ನೋಡಬೇಡಿ. ಅದೇ ಸೂತ್ರ, ಅದೇ ಗಾಮಾದಲ್ಲಿ ನಿಮ್ಮ ಹೊಲದ ಎರಡು ಬಿಂದುಗಳಿಗೆ 0.79 ಮತ್ತು 0.55 ಬಂದರೆ ಮೊದಲನೆಯದು ಮೇಲು ಎಂದು ಹೇಳಬಹುದು. ಇವೆರಡರಲ್ಲಿ ಯಾವುದು ಎಂಬುದಕ್ಕೆ ಇದು ಒಳ್ಳೆಯ ಸಾಧನ. ಬೋರು ಹಾಕಿಸಬೇಕೇ ಬೇಡವೇ ಎಂಬುದಕ್ಕೆ ಅಲ್ಲ.

ಇನ್ನು ಸಾಕ್ಷ್ಯಗಳ ಸಂಖ್ಯೆ. ವರದಿಯಲ್ಲಿ ಮೂರು ಸಾಕ್ಷ್ಯ ಕಾಣುತ್ತವೆ, ನಿಜಕ್ಕೂ ಇರುವುದು ಎರಡೇ. ‘ಶಿಥಿಲ ಪದರದ ದಪ್ಪ’ವನ್ನು, ಅಂದರೆ ಗಟ್ಟಿ ಬಂಡೆಯ ಮೇಲಿನ ಕೊಳೆತ ಕಲ್ಲಿನ ದಪ್ಪವನ್ನು, ಅವರು ಅದೇ ಬಣ್ಣದ ಚಿತ್ರದಿಂದಲೇ ಅಳೆದಿರುತ್ತಾರೆ. ಚಿತ್ರ ತಪ್ಪಿದರೆ ಎರಡೂ ಒಟ್ಟಿಗೆ ತಪ್ಪುತ್ತವೆ. ಮೊದಲ ಎರಡನ್ನು ಕನಿಷ್ಠ ಸೂತ್ರದಿಂದ ಒಂದು ಮಾಡಿ, ಬಂದ 0.6ನ್ನು ಬಿರುಕು ರೇಖೆಯ 0.7ರ ಜೊತೆ ಅದೇ ಗಾಮಾದಲ್ಲಿ ಕೂಡಿಸಿದರೆ 0.76 ಬರುತ್ತದೆ. ಇಳಿದದ್ದು ಕೊಂಚವೇ, ಆದರೆ ನೀವು ಎಷ್ಟರ ಮೇಲೆ ಭಾರ ಹಾಕುತ್ತಿದ್ದೀರಿ ಎಂಬುದು ಈಗ ಸ್ಪಷ್ಟ. ಆ ಬಿರುಕು ರೇಖೆ ಉಪಗ್ರಹ ಚಿತ್ರದಿಂದ ಬಂದದ್ದಾಗಿದ್ದರೆ ಸ್ಥಳದಲ್ಲಿ ನಿಂತು ನೋಡಿದ್ದಾರೆಯೇ ಎಂದು ಕೇಳಿ. ಹಳೆಯ ಬಂಡಿ ದಾರಿ, ಬದು, ಹಳ್ಳದ ಬದಿಯ ಗಿಡಸಾಲು ಕೂಡ ಮೇಲಿನಿಂದ ನೋಡಿದರೆ ನೇರ ಗೆರೆಯಾಗಿಯೇ ಕಾಣುತ್ತವೆ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಳ. 48 ಸಲಾಕೆ, ಐದು ಮೀಟರ್ ಅಂತರ ಅಂದರೆ ಲೈನಿನ ಉದ್ದ 235 ಮೀಟರ್. ವೆನ್ನರ್ ಜೋಡಣೆಯಲ್ಲಿ (ಕರೆಂಟಿನ ಮತ್ತು ವೋಲ್ಟೇಜಿನ ನಾಲ್ಕು ಸಲಾಕೆಗಳನ್ನು ಸಮ ಅಂತರದಲ್ಲಿ ಇಡುವ ಕ್ರಮ) ಇಂಥ ಲೈನು ನೋಡಬಲ್ಲ ಆಳ ಉದ್ದದ ಆರನೇ ಒಂದು ಪಾಲಿಗಿಂತ ಕೊಂಚ ಹೆಚ್ಚು, ಸುಮಾರು 40 ಮೀಟರ್. ನಿಮ್ಮ ಲೆಕ್ಕದಲ್ಲಿ 130 ಅಡಿ. ಬೇರೆ ಜೋಡಣೆಗಳಲ್ಲಿ ಇನ್ನಷ್ಟು ಸಿಗಬಹುದು, 560 ಅಡಿ ಮಾತ್ರ ಸಿಗದು. ಅದೂ ಲೈನಿನ ನಡುವೆ. ಎರಡು ತುದಿಗಳಲ್ಲಿ ಚಿತ್ರ ಮೇಲಕ್ಕೆ ಸೊರಗುತ್ತಾ ಹೋಗುತ್ತದೆ. ಅಂದರೆ ಈ 0.79 ಮೇಲಿನ 130 ಅಡಿಯ ಅಂಕ. ನಾನೂರು ಅಡಿಯಲ್ಲಿ ಬಿರುಕು ಇದೆಯೋ ಇಲ್ಲವೋ ಎಂಬ ಬಗ್ಗೆ ಅದು ಬಾಯಿ ಬಿಟ್ಟಿಲ್ಲ, ಬಿಡಲಾರದು. ಹಾಗೆಂದು ಮೇಲಿನ ಪದರ ತಿಳಿಯುವುದು ವ್ಯರ್ಥವಲ್ಲ. ಕೊಪ್ಪಳದ ಕಣಶಿಲೆ ಮತ್ತು ನೈಸ್ ಎಂಬ ಗಟ್ಟಿ ಕಲ್ಲಿನ ನೆಲದಲ್ಲಿ ಮಳೆ ನೀರನ್ನು ಹಿಡಿದಿಟ್ಟುಕೊಳ್ಳುವುದು ಮುಖ್ಯವಾಗಿ ಮೇಲಿನ ಶಿಥಿಲ ಪದರವೇ. ಕೆಳಗಿನ ಬಿರುಕು ಆ ನೀರನ್ನು ಹರಿಸುವ ದಾರಿ. ಮೇಲಿನ ಪದರ ತೆಳುವಾಗಿದ್ದು ಕೆಳಗಿನ ಬಿರುಕು ಸಿಕ್ಕರೆ ಬೋರು ಮೊದಲ ವರ್ಷ ಜೋರಾಗಿ ಎಳೆದು ಬೇಸಿಗೆಯಲ್ಲಿ ಕೈಕೊಡುತ್ತದೆ.

ಒಳ್ಳೆಯ ವಿಶ್ಲೇಷಕರು ಆಳದ ಈ ಮಿತಿಯನ್ನೂ ಫಜಿ ಲೆಕ್ಕದೊಳಗೆ ತರುತ್ತಾರೆ. ಚಿತ್ರದ ಪ್ರತಿ ಚೌಕಕ್ಕೂ ‘ಅಳತೆಯ ಬೆಂಬಲ’ ಎಂಬ ಇನ್ನೊಂದು ಸದಸ್ಯತ್ವ ಕೊಡಬಹುದು: ನಡುವೆ, ಮೇಲೆ ಒಂದರ ಹತ್ತಿರ, ತುದಿಗಳಲ್ಲಿ, ತಳದಲ್ಲಿ ಸೊನ್ನೆಯ ಹತ್ತಿರ. ನೀರಿನ ಅಂಕ ಎಷ್ಟೇ ಇರಲಿ, ಬೆಂಬಲ ಕಡಿಮೆಯಿದ್ದರೆ ಆ ಚೌಕವನ್ನು ಮಸುಕಾಗಿ ಮುದ್ರಿಸಬೇಕು. ಎಲ್ಲ ಚೌಕಗಳೂ ಒಂದೇ ಗಾಢತೆಯಲ್ಲಿ ಅಚ್ಚಾಗಿರುವ ಚಿತ್ರಗಳನ್ನು ನೋಡಿದರೆ ನನಗೆ ಅರ್ಧ ಅಪನಂಬಿಕೆ.

ಮಸುಕಿನ ಮಾತಿಗೆ ಮತ್ತೆ ಬರುತ್ತೇನೆ. ನಮ್ಮ ಕಲ್ಲಿನಲ್ಲಿ ನಿಜವಾದ ಮಸುಕು ಇದೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟು ನಿಮ್ಮ ಜಿಲ್ಲೆಯನ್ನೂ ಮುಟ್ಟುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದು ಕೊಳೆಯುವಾಗ ಮಣ್ಣು, ಗರಸು, ಅರೆಗಲ್ಲು, ಬಿರುಕು ಬಿಟ್ಟ ಬಂಡೆ, ಗಟ್ಟಿ ಬಂಡೆ ಎಂದು ಹಂತಹಂತವಾಗಿ ಬದಲಾಗುತ್ತದೆ. ಗರಸಿನ ನಡುವೆ ಕೊಳೆಯದೆ ಉಳಿದ ಗುಂಡುಗಳೂ ಇರುತ್ತವೆ. ಆನೆಗೊಂದಿಯ ಸುತ್ತ ಮಣ್ಣು ತೊಳೆದುಹೋಗಿ ಬೆಟ್ಟದ ಮೇಲೆ ಕುಳಿತಿರುವ ಉರುಟು ಬಂಡೆಗಳು ಹೀಗೆ ಉಳಿದವೇ. ಈ ಹಂತಗಳನ್ನು ಫಜಿ ಲಾಜಿಕ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಸಾಫ್ಟ್‌ವೇರು ನಯಗೊಳಿಸಿದ್ದರಿಂದ ಬಂದ ಮಸುಕೂ ಅದೇ ಚಿತ್ರದಲ್ಲಿದೆ. ಚೌಕವೊಂದರಲ್ಲಿ 0.5 ಬಂದರೆ ಅಲ್ಲಿ ಅರ್ಧ ಕೊಳೆತ ಕಲ್ಲಿದೆಯೋ, ಇಲ್ಲ ಗರಸೂ ಗಟ್ಟಿ ಬಂಡೆಯೂ ಚೂಪಾಗಿ ಸೇರುವ ಅಂಚನ್ನು ಲೆಕ್ಕ ಸವರಿಹಾಕಿದೆಯೋ ಎಂಬುದನ್ನು ಫಜಿ ಲಾಜಿಕ್ ಹೇಳಲಾರದು. ಅದನ್ನು ಬೋರಿನ ಪುಡಿಯೇ ಹೇಳಬೇಕು.

ನಿಮ್ಮ ಮಗ ಮುಂದೆ ಖನಿಜದ ಕಡೆ ಹೊರಳಿದರೆ ಇದರ ಇನ್ನೊಂದು ಮುಖ ನೋಡುತ್ತಾನೆ. ಹಟ್ಟಿಯಲ್ಲಿ ಚಿನ್ನ ಟನ್ನು ಕಲ್ಲಿಗೆ ಕೆಲವೇ ಗ್ರಾಂ. ಯಾವ ಯಂತ್ರವೂ ಮೇಲಿನಿಂದ ಅದನ್ನು ನೇರವಾಗಿ ಕಾಣದು. ಕಾಣುವುದು ಜೊತೆಗಿರುವ ಸಲ್ಫೈಡ್ ಖನಿಜಗಳು, ಶಿಲೆ ಜರುಗಿದ ವಲಯಗಳು. ಒಂದೊಂದೂ ಅರೆಮನಸ್ಸಿನ ಸುಳಿವು, ಅವನ್ನು ಕೂಡಿಸಲು ಫಜಿ ಸೂತ್ರ ಹೇಳಿ ಮಾಡಿಸಿದಂತಿದೆ. ಸಂಡೂರಿನ ಕಬ್ಬಿಣದಲ್ಲಿ ಒಂದು ಬಲೆ ಇದೆ: ಉತ್ತಮ ದರ್ಜೆಯ ಹೆಮಟೈಟ್ ಅದಿರಿನ ಕಾಂತಶಕ್ತಿ ಕಡಿಮೆ, ಮ್ಯಾಗ್ನಟೈಟ್ ಉಳಿದಿರುವ, ದರ್ಜೆ ಕಡಿಮೆಯ ಪಟ್ಟೆಕಲ್ಲು ಜೋರಾಗಿ ಸೆಳೆಯುತ್ತದೆ. ‘ಕಾಂತಶಕ್ತಿ ಹೆಚ್ಚಿದ್ದಷ್ಟೂ ಅದಿರು’ ಎಂದು ಗೆರೆ ಎಳೆದರೆ ಕಂಪ್ಯೂಟರು ಒಂದು ಚೂರೂ ತಪ್ಪದೆ ತಪ್ಪು ಜಾಗ ತೋರಿಸುತ್ತದೆ. ಮೇಲಾಗಿ ಭೂಕಾಂತಕ್ಷೇತ್ರ ನಮ್ಮಲ್ಲಿ ಸುಮಾರು 20 ಡಿಗ್ರಿಯಷ್ಟೇ ಬಾಗಿರುವುದರಿಂದ ಕಾಂತೀಯ ಚಿತ್ರದ ಏರು, ನೆಲದೊಳಗಿನ ಕಾಂತೀಯ ಶಿಲೆಯ ನೇರ ಮೇಲೆ ಬರದೆ ದಕ್ಷಿಣಕ್ಕೆ ಜರುಗುತ್ತದೆ. ಉತ್ತರ-ದಕ್ಷಿಣವಾಗಿ ಹಾದ ಕರಿಕಲ್ಲಿನ ಡೈಕು (ಬಂಡೆಯ ಸೀಳಿನಲ್ಲಿ ಗೋಡೆಯಂತೆ ನಿಂತ ಕಲ್ಲು) ಮಂಕಾಗಿ ಕಾಣುತ್ತದೆ. ಇದನ್ನು ಸರಿಪಡಿಸದೆ ಸದಸ್ಯತ್ವ ಕೊಟ್ಟು ಪ್ರಯೋಜನವಿಲ್ಲ.

ಹೊಲದ ಮಾತಿಗೆ ಮರಳೋಣ. ಬೋರು ಹಾಕಿಸುವ ಮುನ್ನ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ನಿಮ್ಮ ಎರಡು ಫೇಲಾದ ಬೋರುಗಳು ಸರ್ವೆ ಲೈನಿನ ಮೇಲೋ ತೀರಾ ಪಕ್ಕದಲ್ಲೋ ಇದ್ದರೆ, ಆ ಎರಡು ಜಾಗಕ್ಕೂ ಇದೇ ಸೂತ್ರದಲ್ಲಿ ಅಂಕ ಹಾಕಿಕೊಡಿ ಎಂದು ಸರ್ವೆಯವರನ್ನು ಕೇಳಿ. ಅಲ್ಲಿ 0.3, 0.4 ಬಂದರೆ ಈ ಲೆಕ್ಕಕ್ಕೆ ನಿಮ್ಮ ಹೊಲದ ಮಟ್ಟಿಗೆ ಸ್ವಲ್ಪ ಬಲವಿದೆ. ಅಲ್ಲಿಯೂ 0.75 ಬಂದರೆ ಒಣ ಜಾಗಕ್ಕೂ ನೀರಿನ ಜಾಗಕ್ಕೂ ಈ ಲೆಕ್ಕಕ್ಕೆ ವ್ಯತ್ಯಾಸವೇ ತಿಳಿಯುತ್ತಿಲ್ಲ, ಹೊಸ 0.79ಕ್ಕೆ ಸಾಲ ಮಾಡಬೇಡಿ. ಜೊತೆಗೆ, ‘ಈ ತಾಲ್ಲೂಕಿನಲ್ಲಿ ನೀವು 0.7ರಿಂದ 0.8ರ ನಡುವೆ ಅಂಕ ಕೊಟ್ಟ ಜಾಗಗಳಲ್ಲಿ ಎಷ್ಟರಲ್ಲಿ ಎರಡು ಇಂಚು ನೀರು ಬಿತ್ತು?’ ಎಂದು ಕೇಳಿ. ಅದಕ್ಕೆ ಸಿಗುವ ಉತ್ತರವೇ ನೀವು ಹುಡುಕುತ್ತಿರುವ ಶೇಕಡಾವಾರು. ಸದಸ್ಯತ್ವ ಸಾಧ್ಯತೆಯಾಗಲು ಬೇರೆ ದಾರಿ ಇಲ್ಲ. ದಾಖಲೆ ಇಟ್ಟಿಲ್ಲ ಅಂದರೆ ಅವರ ಅಂಕವನ್ನು ಅನುಭವಸ್ಥರ ಅಭಿಪ್ರಾಯ ಎಂದಷ್ಟೇ ಎಣಿಸಿ. ನೀರು ಬಿದ್ದರೆ ಕುಡಿಯುವ ಮೊದಲು ಫ್ಲೋರೈಡ್ ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕೊಪ್ಪಳ, ರಾಯಚೂರು ಎರಡೂ ಕಡೆ ಈ ತೊಂದರೆ ಇದೆ, ಬಣ್ಣದ ಚಿತ್ರದಲ್ಲಿ ಅದರ ಸುಳಿವೂ ಸಿಗದು.

ಮಗನ ಪ್ರಾಜೆಕ್ಟಿಗೆ ಸಲಕರಣೆಗಳ ಕೊರತೆ ಇಲ್ಲ. ಪೈಥಾನಿನಲ್ಲಿ ಸೈಕಿಟ್-ಫಜಿ ಇದೆ, ರೋಧಕತೆಯ ಲೆಕ್ಕಕ್ಕೆ ಪೈಜಿಮ್ಲಿ ಇದೆ, ನಕ್ಷೆಯ ಪದರಗಳಿಗೆ ಕ್ಯೂಜಿಐಎಸ್‌ನಲ್ಲೇ ಫಜಿಫೈ ಮಾಡುವ ಸೌಲಭ್ಯವಿದೆ, ಎಲ್ಲವೂ ಉಚಿತ. ಶಿಲೆಗಳ ನಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ ಸಿಗುತ್ತದೆ. ಎರಡು ಬಗೆಯ ಅಳತೆ ಸಿಕ್ಕರೆ ಫಜಿ ಸಿ-ಮೀನ್ಸ್ ಪ್ರಯತ್ನಿಸಲಿ. ಅದು ಗೆರೆಗಳನ್ನು ನಮ್ಮಿಂದ ಕೇಳದೆ ಚೌಕಗಳನ್ನು ತಾನೇ ಗುಂಪು ಮಾಡಿ, ಪ್ರತಿ ಚೌಕ ಯಾವ ಗುಂಪಿಗೆ ಎಷ್ಟು ಎಂದು ಹೇಳುತ್ತದೆ. ಗುಂಪು ಎಷ್ಟಿರಬೇಕು, ಯಾವ ಗುಂಪು ಗರಸು, ಯಾವುದು ಬಂಡೆ ಎಂಬುದನ್ನು ಮಾತ್ರ ಅವನೇ ಹೇಳಬೇಕು. ಎಲ್ಲರೂ ಗುಂಪುಗಳ ಚಿತ್ರ ಅಚ್ಚು ಹಾಕಿ ನಿಲ್ಲಿಸುತ್ತಾರೆ. ಇವನು ಮೊದಲೆರಡು ಸದಸ್ಯತ್ವಗಳು ಸರಿಸುಮಾರು ಸಮವಾಗಿರುವ, ಅಂದರೆ 0.45 ಮತ್ತು 0.40 ಥರದ, ಚೌಕಗಳನ್ನು ಬೇರೆಯಾಗಿ ಬಣ್ಣ ಹಚ್ಚಿ ತೋರಿಸಲಿ. ಬೋರು ಹಾಕುವವನಿಗೆ ಎಲ್ಲಿ ಅನುಮಾನ ಇದೆ ಎಂದು ತೋರಿಸುವ ಆ ಚಿತ್ರವೇ ಹೆಚ್ಚು ಉಪಯೋಗ.

ಆದರೆ ಕೋಡ್ ಬರೆಯುವ ಮೊದಲು ಊರಲ್ಲಿ ಒಂದು ವಾರ ತಿರುಗಲಿ. ಸುತ್ತಲಿನ ಹೊಲಗಳ ಬೋರುಗಳು ಎಲ್ಲಿವೆ ಎಂದು ಫೋನಿನಲ್ಲಿ ಗುರುತು ಹಾಕಿಕೊಂಡು, ಎಷ್ಟು ಅಡಿಗೆ ನೀರು ಸಿಕ್ಕಿತು, ಎಷ್ಟು ಇಂಚು, ಈಗ ಹೇಗಿದೆ, ಮುಖ್ಯವಾಗಿ ಕೇಸಿಂಗ್ ಎಷ್ಟು ಅಡಿ ಇಳಿಸಿದರು ಎಂದು ಕೇಳಿ ಬರೆದುಕೊಳ್ಳಲಿ. ಕೇಸಿಂಗ್ ಪೈಪು ಇಳಿಯುವುದು ಗಟ್ಟಿ ಕಲ್ಲು ಸಿಗುವ ತನಕ. ಅಂದರೆ ಶಿಥಿಲ ಪದರದ ದಪ್ಪ ಹೆಚ್ಚುಕಡಿಮೆ ಅಷ್ಟೇ. ‘ಶಿಥಿಲ ಪದರ 0.6’ ಎಂಬುದನ್ನು ಒರೆಗೆ ಹಚ್ಚಲು ಇದಕ್ಕಿಂತ ಅಗ್ಗದ ಅಳತೆ ಸಿಗದು. ಬಾಯಿಮಾತಿನಲ್ಲಿ ಅಡಿಗಳು ಹಿಗ್ಗುತ್ತವೆ. ರಿಗ್ಗಿನವರು ಕೊಟ್ಟ ಬಿಲ್ಲಿನಲ್ಲಿ ಕೇಸಿಂಗ್ ಅಡಿ ಬೇರೆಯಾಗಿ ಬರೆದಿರುತ್ತಾರೆ, ಅದನ್ನೇ ತೋರಿಸಲು ಕೇಳಲಿ.